ತೂಕದ ವಹಿ

ದುರ್ಗದಬೈಲಿನ ಚಾದಂಗಡಿಯೊಳಗ
ಸತ್ತವರ ಕುಸ್ತಿ ದಿನಾ ಸಂಜೀಕ ನಡೀತಾವ.
ಬ್ಯಾಹಟ್ಟಿ ಯಮನೂರಪ್ಪಗ
ಬಾಯ್ಲರ್ ಶಾಪಿನ ಡೆರಿಕ್ ಪಿಂಟೊ ಎದುರಾಗಿದ್ದರ?
ಕೈಗವಸಿನೊಳಗ ಗುಂಡುಕಲ್ಲು ಇಟ್ಟಾನಂತ
ಸೊಲ್ಲಾಪುರದವರು ಎರಡು ಸಲ ಬಿಚ್ಚಿಸಿ ನೋಡಿದ್ದ ಪಿಂಟೊ.
"ಹಿಡೀಲಾಕ ಸಿಕ್ಕರ ಯಮನೂರಪ್ಪನ ಗೆದ್ದ."
"ಸಿಕ್ಕರ!"
ಆ ಒಂದು ರಕಾರದ ಮ್ಯಾಲೆ
ಮೂರು ಕಪ್ಪು ಚಾ ಆರಿ ಹೋಗತಾವ.

ನನ್ನ ಕೇಳತಾರ, ಯಾಕಂದರ ವಹಿ ನನ್ನ ಹತ್ತರ ಐತಿ.
ನನ್ನಜ್ಜ ದಾವಲಸಾಬ, ಹತ್ತಿ ಪ್ಯಾಟಿಯ ತೂಕದಾಂವ,
ಅಂಡಿಗಿ ತೂಗೋ ತಕ್ಕಡಿಯೊಳಗ
ಪಂದ್ಯದ ಹಿಂದಿನ ದಿನ
ಗಟ್ಟಿಗರನ್ನ ಕುಂದರಿಸಿ ತೂಗತಿದ್ದ, ಪುಕ್ಕಟೆ.
ಕೆಂಪು ಬಟ್ಟೆ ಹೊದಿಕಿ,
ಅರಳಿ ಲೆಕ್ಕದ ನಡುನಡುವ ಮನುಷ್ಯಾರು.

ಯಮನೂರಪ್ಪ, ಒಂಬತ್ತು ಮಣ ಮ್ಯಾಲೆ ಮೂರು ಸೇರು.
ಎರಡು ಪಾನ ದಾಟಿದರ
ಪಿಂಟೊ, ಇನ್ನೂರಾ ಹನ್ನೊಂದು ರಾತಲು,
ವರ್ಕ್‌ಶಾಪಿನ ಸಾಹೇಬಗ ತಿಳೀಲೆಂತ ರಾತಲಿನಾಗ ಬರದಾನ.
ಪಂಜಾಬದಾಂವ ಒಬ್ಬ: ಸಂಕಳಿ ಹರೀತು. ಅಷ್ಟ.
ಆಮ್ಯಾಲೆ ಕಿಲೋ ಬಂತು.
ಕುಂದಗೋಳದ ನಿಂಗನಗೌಡ, ನೂರಾ ನಾಲ್ಕು.
ಹೊಸಾ ಕಲ್ಲು, ಅಜ್ಜನ ಅಕ್ಷರದಾಗ ಅನುಮಾನ.

ಎಲ್ಲಾ ಕಿಲೋಕ್ಕ ತಾ, ಅಂತಾರ.
ಯಾವ ಮಣದಿಂದ ತರಲಿ?
ಗದಗಿನ ಮಣ ಬ್ಯಾರೆ, ನಮ್ಮ ಮಣ ಬ್ಯಾರೆ,
ದಲಾಲಿ ಅಂಗಡಿ ಬದಲಾದರ ಸೇರು ಬದಲಾಗತಿತ್ತು.
ಅದೂ ಅಲ್ಲದ
ಯಮನೂರಪ್ಪ ತೂಗಿಸಿಕೊಂಡದ್ದು ಜ್ವಾಳಕ್ಕ ರೇಶನ್ ಬಂದ ವರ್ಷ.
ಅಂಚಿನಾಗ ಅಜ್ಜ ಬರದಾನ: "ಊಟಾ ಮಾಡಿಲ್ಲ."
ನಿಂಗನಗೌಡಗ ದಿನಾ ಬದಾಮಿ, ಬೆಣ್ಣಿ,
ಅವರಪ್ಪನ ಹಕ್ಕಿಯಾಗ ಎಂಟು ಎಮ್ಮಿ.
ಎಂಟು ಎಮ್ಮಿ ಎಲ್ಲಿ ಕಳೀಲಿ?

ಅಂಡಿಗಿ ತೂಗಿದರ ಚೀಲದ ತೂಕ ಕಳೀಬೇಕು,
ಅದು ಪ್ಯಾಟಿಯ ಕಾಯದೆ.
ಮನುಷ್ಯಾನಾಗ ಚೀಲ ಎಷ್ಟು, ಅರಳಿ ಎಷ್ಟು?
ಎಲ್ಲಾರ ಹೆಸರಿನ ಮುಂದೂ
ಅಜ್ಜ ಆ ಮನಿ ಖಾಲಿ ಬಿಟ್ಟಾನ.
ಪಿಂಟೊನ ಮುಂದ ಮಾತ್ರ ಏನೋ ಬರದು ಹೊಡದು ಹಾಕ್ಯಾನ.
ಬೆಳಕಿಗೆ ಹಿಡದರ ಕಾಣತೈತಿ,
"ಕೆಮ್ಮು."

ಹ್ವಾದ ತಿಂಗಳು ಬೆಟಗೇರಿಯಿಂದ ಒಬ್ಬಾಕಿ ಬಂದಿದ್ದಳು,
ಮಗ್ಗದವರ ಮನಿ ಹುಡುಗಿ, ರೋಹಿಣಿ ಕಬಾಡಿ.
ಇಲ್ಲಿ ರೇಲ್ವೆ ಮೈದಾನದಾಗ ಬಾಕ್ಸಿಂಗ್ ಕಲೀತಾಳ,
ಎಂಬತ್ತೊಂದು ಕಿಲೋ ದಾಟಿದವರ ವರ್ಗ.
ಚಾದಂಗಡಿ ಲೆಕ್ಕದಾಗ ಆಕಿ ಬರೂದಿಲ್ಲ,
ಮೊದಲು ಸಾಯಬೇಕು, ಅದಕ್ಕಿಂತ ಮೊದಲು ಗಂಡಸಾಗಬೇಕು.
"ಹಳೇ ತಕ್ಕಡಿ ಐತಂತಲ್ಲರೀ ಕಾಕಾ, ಕುಂತು ನೋಡಲೇನು?"

ಬೆಸದ ಸಂಕಳಿ ಒರಸಿದೆ, ತೊಲಿಗೆ ತೂಗಹಾಕಿದೆ.
ಮಣದ ಕಲ್ಲು ಗುಜರಿಗೆ ಹೋಗಿ ಕಾಲಾತು,
ಉಳದದ್ದು ಇಪ್ಪತ್ತು ಕಿಲೋದ್ದು ಒಂದ.
ಅದನ್ನ ತೊಡಿ ಮ್ಯಾಲೆ ಇಟಗೊಂಡು
ಆಚೆ ತಟ್ಟಿಯೊಳಗ ನಾನ ಕುಂತೆ.

ಆಕಿ ಕುಂತಳು.
ಅರವತ್ನಾಲ್ಕು ವರ್ಷದ ನನ್ನ ಕಾಲು
ನೆಲಾ ಬಿಟ್ಟವು.
ತೊಲಿ ಕಿರ್ ಅಂತು, ಮ್ಯಾಲಿಂದ
ಯಾವ ಕಾಲದ್ದೋ ಅರಳಿಯ ಎಳಿ
ಇಬ್ಬರ ತಲಿ ಮ್ಯಾಲೂ ಇಳೀತು.
ಇಳಿಸ್ತೀಯೇನವಾ, ಅಂದೆ.
"ತಡೀರಿ ಕಾಕಾ, ಇನ್ನೊಂದೀಟು."
ನನ್ನ ಸೊಸಿ ನಕ್ಕೋತ ನೀರಿನ ಕೊಡ ತಂದಳು,
ಸುರುವಿ, ತಗದು, ಸುರುವಿ
ಮುಳ್ಳು ನಿಂತಿತು.

ವಹಿಯ ಕಡೀ ಪಾನಿನಾಗ ಬರದೀನಿ:
ರೋಹಿಣಿ ಕಬಾಡಿ,
ಮೌಲಾಲಿ ನದಾಫ ಒಬ್ಬ, ಇಪ್ಪತ್ತರ ಕಲ್ಲೊಂದು,
ಅರ್ಧ ಕೊಡ ನೀರು.
ಕಿಲೋಕ್ಕ ತರಾಂವ ಮುಂದ ಯಾವನರ ಹುಟ್ಟತಾನ,
ನಾನು ಎಷ್ಟಿದ್ದೆ ಅಂತ ಹುಡುಕಿ ಒದ್ದಾಡಲಿ.
ಅಂಚಿನಾಗ ಜಾಗಾ ಇತ್ತು.
"ಊಟಾ ಮಾಡ್ಯಾಳ."